ಹೆಬ್ಬಾಳದ ಪಾಲಿಕೆ ಚುನಾವಣಾ ವಿಷಯಗಳು

ಹೆಬ್ಬಾಳವು ಬೆಂಗಳೂರು ನಗರದ ಉತ್ತರ ಭಾಗದಲ್ಲಿರುವ ಒಂದು ಪ್ರದೇಶ. ಬಳ್ಳಾರಿ ರಸ್ತೆ ಮತ್ತು ಹೊರವರ್ತುಲ ರಸ್ತೆಗಳು ಇಲ್ಲಿ ಸಂಧಿಸುತ್ತವೆ. ಮಳೆನೀರಿನ ಹರಿವು, ಕೆರೆಗಳ ಸ್ಥಿತಿ, ಸಂಚಾರ ದಟ್ಟಣೆ ಮತ್ತು ಕಸ ವಿಲೇವಾರಿ ಇಲ್ಲಿಯ ಮುಖ್ಯ ನಾಗರಿಕ ಪ್ರಶ್ನೆಗಳಾಗಿದ್ದು, ಪಾಲಿಕೆಯ ಸದಸ್ಯ ಸ್ಥಾನಕ್ಕೆ ಸ್ಪರ್ಧಿಸುವ ಅಭ್ಯರ್ಥಿಯ ಆದ್ಯತೆಗಳೂ ಇವುಗಳ ಸುತ್ತಲೇ ರೂಪುಗೊಳ್ಳುತ್ತವೆ. ಆದರೆ ಇವುಗಳಲ್ಲಿ ಹಲವು ವಿಷಯಗಳು ಪಾಲಿಕೆಯ ನೇರ ಅಧಿಕಾರಕ್ಕೆ ಒಳಪಟ್ಟಿಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆಗ ಆಯ್ಕೆಯಾದ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು.

ಹಿನ್ನೆಲೆ

ಹೆಬ್ಬಾಳ ಪ್ರಾಚೀನವಾದ ಊರು. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರದೆಂದು ಗುರುತಿಸಲಾದ ವೀರಗಲ್ಲು ಶಾಸನವೊಂದು ಇಲ್ಲಿ 2018ರಲ್ಲಿ ಬೆಳಕಿಗೆ ಬಂದಿತು. ಊರಿಗಾಗಿ ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮರಣೆಗಾಗಿ ನಿಲ್ಲಿಸಿದ ಈ ಶಾಸನದಲ್ಲಿ 'ಪೆರ್ಬ್ಬೊಳಲ್ ನಾಡು' ಎಂಬ ಹೆಸರು ಬರುತ್ತದೆ. ಇದು ಬೆಂಗಳೂರಿನಲ್ಲಿ ದೊರೆತ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಆವರಣವೂ ಪಶುವೈದ್ಯಕೀಯ ಕಾಲೇಜೂ ಈ ಪ್ರದೇಶದಲ್ಲಿವೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ, ಊರಂಚಿನ ಕೆರೆ ಮತ್ತು ತೋಟಗಳ ಪ್ರದೇಶವಾಗಿದ್ದ ಹೆಬ್ಬಾಳವು ನಗರದ ಉತ್ತರದ ಹೆಬ್ಬಾಗಿಲಾಗಿ ಮಾರ್ಪಟ್ಟಿತು.

ಆಡಳಿತ ವ್ಯಾಪ್ತಿ

2007ರ ಜನವರಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯೊಂದಿಗೆ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ ಮೊದಲಾದ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು (ಬಿಬಿಎಂಪಿ) ರಚಿಸಲಾಯಿತು. 2010 ಮತ್ತು 2015ರ ಚುನಾವಣೆಗಳು 198 ವಾರ್ಡುಗಳಿಗೆ ನಡೆದವು. ಹೆಬ್ಬಾಳ ವಿಧಾನಸಭಾ ಕ್ಷೇತ್ರದಲ್ಲಿ ಹೆಬ್ಬಾಳ, ಸಂಜಯನಗರ, ಗಂಗಾನಗರ, ವಿಶ್ವನಾಥ ನಾಗೇನಹಳ್ಳಿ, ಮನೋರಾಯನಪಾಳ್ಯ, ಗಂಗೇನಹಳ್ಳಿ ಮುಂತಾದ ವಾರ್ಡುಗಳಿದ್ದವು.

2024ರ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮವು 2025ರ ಮೇ 15ರಂದು ಜಾರಿಗೆ ಬಂದಿತು. ಅದರಂತೆ 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯ ಬದಲಿಗೆ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಹೆಬ್ಬಾಳವು ಬೆಂಗಳೂರು ಉತ್ತರ ನಗರಪಾಲಿಕೆಗೆ ಸೇರಿತು. ಈ ಪಾಲಿಕೆಗೆ 72 ವಾರ್ಡುಗಳನ್ನು ಗೊತ್ತುಪಡಿಸಲಾಗಿದೆ. ಐದೂ ಪಾಲಿಕೆಗಳ ಮೇಲೆ ಮುಖ್ಯಮಂತ್ರಿಯವರ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಹಿಂದೆ ಒಂದು ವರ್ಷವಿದ್ದ ಮೇಯರ್ ಅವಧಿಯು ಹೊಸ ಕಾಯಿದೆಯಲ್ಲಿ 30 ತಿಂಗಳಾಗಿದೆ.

ಪ್ರಮುಖ ವಿಷಯಗಳು

ಕೆರೆ ಮತ್ತು ರಾಜಕಾಲುವೆ

ಬೆಂಗಳೂರಿನ ಮಳೆನೀರು ಹರಿದುಹೋಗುವ ಮುಖ್ಯ ಕಣಿವೆಗಳಲ್ಲಿ ಹೆಬ್ಬಾಳ ಕಣಿವೆಯೂ ಒಂದು. ಈ ಕಣಿವೆಯ ನೀರು ಕೆರೆಯಿಂದ ಕೆರೆಗೆ ಹರಿದು ಕೊನೆಗೆ ದಕ್ಷಿಣ ಪಿನಾಕಿನಿ ನದಿಯನ್ನು ಸೇರುತ್ತದೆ. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಹೋಗುವ ಹಾದಿಯೇ ರಾಜಕಾಲುವೆ. ಅದು ಒತ್ತುವರಿಯಾದರೆ ಅಥವಾ ಹೂಳಿನಿಂದ ತುಂಬಿದರೆ ನೀರು ರಸ್ತೆಗೂ ಮನೆಗಳಿಗೂ ನುಗ್ಗುತ್ತದೆ. 2024ರ ಅಕ್ಟೋಬರ್‌ನ ಮಳೆಯಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯವೂ ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಪ್ರದೇಶವೂ ಜಲಾವೃತವಾದವು.

ಮಹಾಯೋಜನೆ 2015ರ ಪ್ರಕಾರ ಕೆರೆಯ ಅಂಚಿನಿಂದ 30 ಮೀಟರ್, ಪ್ರಾಥಮಿಕ ರಾಜಕಾಲುವೆಯಿಂದ 50 ಮೀಟರ್, ದ್ವಿತೀಯ ಹಂತದ ಕಾಲುವೆಯಿಂದ 25 ಮೀಟರ್ ಮತ್ತು ತೃತೀಯ ಹಂತದ ಕಾಲುವೆಯಿಂದ 15 ಮೀಟರ್ ಜಾಗವನ್ನು ಮೀಸಲು ವಲಯವಾಗಿ ಬಿಡಬೇಕಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ಕೆರೆಗಳ ವಲಯವನ್ನು 75 ಮೀಟರಿಗೆ ಹೆಚ್ಚಿಸಿತಾದರೂ, 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು.

ಹೆಜ್ಜಾರ್ಲೆ ಮೊದಲಾದ ಹಕ್ಕಿಗಳ ನೆಲೆಯಾದ ಹೆಬ್ಬಾಳ ಕೆರೆಯನ್ನು ಒಮ್ಮೆ ಅಭಿವೃದ್ಧಿಯ ಹೆಸರಿನಲ್ಲಿ ಖಾಸಗಿ ಸಂಸ್ಥೆಗೆ ಗುತ್ತಿಗೆ ನೀಡಲಾಗಿತ್ತು. ನಗರದ ಕೆರೆಗಳ ಖಾಸಗೀಕರಣವನ್ನು ಪ್ರಶ್ನಿಸಿ 2008ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ಸಮೀಪದ ಜಕ್ಕೂರು ಕೆರೆ ಇನ್ನೊಂದು ಮಾದರಿಯನ್ನು ತೋರಿಸುತ್ತದೆ. ಅಲ್ಲಿ ಸಂಸ್ಕರಣಾ ಘಟಕದಿಂದ ಹೊರಬಂದ ನೀರು ಜೌಗುಪ್ರದೇಶದ ಮೂಲಕ ಹಾದು ಕೆರೆಯನ್ನು ಸೇರುತ್ತದೆ, ಸ್ಥಳೀಯ ನಾಗರಿಕರೂ ಕೆರೆಯ ಉಸ್ತುವಾರಿಯಲ್ಲಿ ಪಾಲ್ಗೊಂಡಿದ್ದಾರೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯು ದಿನಕ್ಕೆ 21 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನು ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಮತ್ತಿತರ ಕಡೆಯ 65 ಕೆರೆಗಳಿಗೆ ಹರಿಸುವ ಉದ್ದೇಶವನ್ನು ಹೊಂದಿದೆ. ಹೀಗಾಗಿ ಈ ಕಣಿವೆಯ ಚರಂಡಿ ನೀರಿನ ಶುದ್ಧತೆಯು ನಗರದ ಗಡಿಯಾಚೆಯ ರೈತರಿಗೂ ಸಂಬಂಧಿಸಿದ ವಿಷಯವಾಗಿದೆ.

ಸಂಚಾರ

ಹೆಬ್ಬಾಳದ ಮೇಲ್ಸೇತುವೆಯನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ನಿರ್ಮಿಸಿತು. ಅದು 2003ರಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ವಿಮಾನ ನಿಲ್ದಾಣದ ವಾಹನಗಳೂ ಸೇರಿಕೊಂಡ ನಂತರ ಇಲ್ಲಿ ದಟ್ಟಣೆ ಹೆಚ್ಚಿತು. ಕೃಷ್ಣರಾಜಪುರದ ಕಡೆಯಿಂದ ಮೇಖ್ರಿ ವೃತ್ತದತ್ತ ಬರುವ ವಾಹನಗಳಿಗಾಗಿ ನಿರ್ಮಿಸಿದ ಹೊಸ ಕೂಡುಸೇತುವೆ 2025ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ಕೃಷ್ಣರಾಜಪುರ–ವಿಮಾನ ನಿಲ್ದಾಣ ಮೆಟ್ರೊ ಮಾರ್ಗ, 2024ರ ಆಗಸ್ಟ್‌ನಲ್ಲಿ ಕೇಂದ್ರದ ಒಪ್ಪಿಗೆ ಪಡೆದ ಕೆಂಪಾಪುರ–ಜೆ.ಪಿ. ನಗರ 4ನೇ ಹಂತದ ಮೆಟ್ರೊ ಮಾರ್ಗ (32.15 ಕಿ.ಮೀ.) ಹಾಗೂ ಬೈಯಪ್ಪನಹಳ್ಳಿ–ಚಿಕ್ಕಬಾಣಾವರ ಉಪನಗರ ರೈಲು ಮಾರ್ಗ ಇವೆಲ್ಲವೂ ಹೆಬ್ಬಾಳದ ಆಸುಪಾಸಿನಲ್ಲಿ ಹಾದುಹೋಗುತ್ತವೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಪ್ರಸ್ತಾವವು ಪರಿಸರ, ವೆಚ್ಚ ಮತ್ತು ಉಪಯುಕ್ತತೆಯ ದೃಷ್ಟಿಯಿಂದ ಚರ್ಚೆಗೆ ಗುರಿಯಾಗಿದೆ.

ಈ ಯಾವ ಯೋಜನೆಯನ್ನೂ ವಾರ್ಡಿನ ಸದಸ್ಯರು ಮಂಜೂರು ಮಾಡುವುದಿಲ್ಲ. ಅವರ ವ್ಯಾಪ್ತಿಗೆ ಬರುವುದು ಬಡಾವಣೆಯ ಒಳರಸ್ತೆ, ಪಾದಚಾರಿ ಮಾರ್ಗ ಮತ್ತು ಬೀದಿದೀಪಗಳು. ಮೆಟ್ರೊ ನಿಲ್ದಾಣಕ್ಕೂ ಬಸ್ ತಂಗುದಾಣಕ್ಕೂ ಜನರು ನಡೆದೇ ತಲುಪಬೇಕಾದ್ದರಿಂದ ದೊಡ್ಡ ಯೋಜನೆಗಳ ಪ್ರಯೋಜನವೂ ಈ ಸಣ್ಣ ಕಾಮಗಾರಿಗಳನ್ನು ಅವಲಂಬಿಸಿದೆ.

ಕಸ ವಿಲೇವಾರಿ

ಯಲಹಂಕ ಸಮೀಪದ ಮಾವಳ್ಳಿಪುರದಲ್ಲಿ ನಗರದ ಕಸವನ್ನು ಸುರಿಯುವುದಕ್ಕೆ ಗ್ರಾಮಸ್ಥರು ತೀವ್ರವಾಗಿ ವಿರೋಧಿಸಿದರು. 2012ರಲ್ಲಿ ಆ ಘಟಕ ಸ್ಥಗಿತಗೊಂಡು ನಗರದಲ್ಲಿ ಕಸದ ಬಿಕ್ಕಟ್ಟು ತಲೆದೋರಿತು. ಕಸವನ್ನು ಮನೆಯಲ್ಲಿಯೇ ಹಸಿಕಸ, ಒಣಕಸ ಮತ್ತು ಇತರ ಕಸವೆಂದು ಬೇರ್ಪಡಿಸುವ ಕ್ರಮವು 2015ರ ಹೈಕೋರ್ಟ್ ಆದೇಶದಿಂದ ಬಲಗೊಂಡಿತು. ಬಳಿಕ ಈ ಕೆಲಸಕ್ಕಾಗಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಪ್ರತ್ಯೇಕ ಕಂಪನಿಯನ್ನು ಸ್ಥಾಪಿಸಲಾಯಿತು. ಒಣಕಸ ಸಂಗ್ರಹ ಕೇಂದ್ರಗಳಿಗೆ ಜಾಗ ಗುರುತಿಸುವುದು, ಆಟೊ ಟಿಪ್ಪರ್‌ಗಳು ಸಮಯಕ್ಕೆ ಸರಿಯಾಗಿ ಬರುವಂತೆ ನೋಡಿಕೊಳ್ಳುವುದು ಮತ್ತು ಪೌರಕಾರ್ಮಿಕರ ಕೆಲಸದ ಸ್ಥಿತಿಗತಿ ವಾರ್ಡ್ ಮಟ್ಟದ ವಿಷಯಗಳಾಗಿ ಉಳಿದಿವೆ.

ಸದಸ್ಯರ ಅಧಿಕಾರ ಮತ್ತು ಮಿತಿ

ಸಂವಿಧಾನದ 74ನೇ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದಿತು. ಅದು ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಯೋಜನೆ, ನೀರು ಪೂರೈಕೆ, ರಸ್ತೆ, ನೈರ್ಮಲ್ಯ ಸೇರಿದಂತೆ 18 ವಿಷಯಗಳಿವೆ. ಆದರೆ ಬೆಂಗಳೂರಿನಲ್ಲಿ ನೀರು ಮತ್ತು ಒಳಚರಂಡಿಯನ್ನು 1964ರಲ್ಲಿ ರಚನೆಯಾದ ಜಲಮಂಡಳಿಯೂ, ವಿದ್ಯುತ್ತನ್ನು ಬೆಸ್ಕಾಂ ಸಂಸ್ಥೆಯೂ, ಮೆಟ್ರೊವನ್ನು ಅದರದೇ ನಿಗಮವೂ, ಬಸ್ಸುಗಳನ್ನು ಬಿಎಂಟಿಸಿಯೂ ನಿರ್ವಹಿಸುತ್ತವೆ. ಒಂದೇ ರಸ್ತೆಯನ್ನು ಒಂದು ಸಂಸ್ಥೆ ಡಾಂಬರು ಹಾಕಿ ಮುಗಿಸುವಷ್ಟರಲ್ಲಿ ಇನ್ನೊಂದು ಸಂಸ್ಥೆ ಅಗೆಯುವ ಸ್ಥಿತಿಗೆ ಈ ಹಂಚಿಕೆಯೂ ಒಂದು ಕಾರಣ.

ಪಾಲಿಕೆಯ ಸಭೆಯಲ್ಲಿ ಆಯವ್ಯಯಕ್ಕೆ ಮತ ನೀಡುವುದು, ಸ್ಥಾಯಿ ಸಮಿತಿಗಳಲ್ಲಿ ಕಾಮಗಾರಿಗಳನ್ನು ಪರಿಶೀಲಿಸುವುದು, ಅಧಿಕಾರಿಗಳನ್ನು ಪ್ರಶ್ನಿಸುವುದು ಮತ್ತು ವಾರ್ಡ್ ಸಮಿತಿಯನ್ನು ನಡೆಸುವುದು ಸದಸ್ಯರ ಮುಖ್ಯ ಕಾರ್ಯಗಳು. ಆದ್ದರಿಂದ ಅಭ್ಯರ್ಥಿಯ ಭರವಸೆಗಳಲ್ಲಿ ಪಾಲಿಕೆ ತಾನೇ ಮಾಡಬಲ್ಲ ಕೆಲಸ, ಬೇರೆ ಸಂಸ್ಥೆಗಳ ಮೇಲೆ ಒತ್ತಡ ತಂದು ಮಾಡಿಸಬೇಕಾದ ಕೆಲಸ, ರಾಜ್ಯ ಸರ್ಕಾರ ಮಾತ್ರವೇ ನಿರ್ಧರಿಸಬಲ್ಲ ಕೆಲಸ ಎಂಬ ಮೂರು ಬಗೆಗಳನ್ನು ಗುರುತಿಸಬಹುದು.

ಚುನಾವಣೆ ಇಲ್ಲದ ಅವಧಿ

ಸಂವಿಧಾನದ 243–ಯು ವಿಧಿಯ ಪ್ರಕಾರ ಪಾಲಿಕೆಯ ಅವಧಿ ಐದು ವರ್ಷ. ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ನಡೆಯಬೇಕು. 2006ರ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಆದರೂ ಬೆಂಗಳೂರಿನಲ್ಲಿ 2006ರ ಕೊನೆಯಿಂದ 2010ರವರೆಗೆ ಚುನಾಯಿತ ಪಾಲಿಕೆ ಇರಲಿಲ್ಲ. 2020ರ ಡಿಸೆಂಬರ್‌ನಲ್ಲಿ 198 ವಾರ್ಡುಗಳಿಗೆ ಚುನಾವಣೆ ನಡೆಸುವಂತೆ ಹೈಕೋರ್ಟ್ ಆದೇಶಿಸಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ನೀಡಿತು. ಅನಂತರ ವಾರ್ಡುಗಳ ಸಂಖ್ಯೆಯನ್ನು 2022ರಲ್ಲಿ 243ಕ್ಕೂ 2023ರಲ್ಲಿ 225ಕ್ಕೂ ಬದಲಿಸಲಾಯಿತು. ಈ ಯಾವ ಸಂಖ್ಯೆಯ ಆಧಾರದ ಮೇಲೂ ಚುನಾವಣೆ ನಡೆಯಲಿಲ್ಲ. 2025ರಲ್ಲಿ ಬಿಬಿಎಂಪಿಯು ಕೊನೆಗೊಂಡಾಗ ನಗರವು ಸುಮಾರು ಐದು ವರ್ಷ, ಅಂದರೆ ಒಂದು ಪಾಲಿಕೆಯ ಪೂರ್ಣ ಅವಧಿಯಷ್ಟು ಕಾಲ, ಆಡಳಿತಾಧಿಕಾರಿಗಳ ಕೈಯಲ್ಲಿತ್ತು.

ಈ ಅವಧಿಯಲ್ಲಿ ಮೇಲ್ಸೇತುವೆ, ಮೆಟ್ರೊ ಮತ್ತು ಸುರಂಗ ರಸ್ತೆಗಳಂತಹ ದೊಡ್ಡ ನಿರ್ಧಾರಗಳು ಮುಂದುವರಿದವು, ಆಸ್ತಿ ತೆರಿಗೆಯ ಸಂಗ್ರಹವೂ ನಿಲ್ಲಲಿಲ್ಲ. ಆ ತೆರಿಗೆಯ ವಿನಿಯೋಗವನ್ನು ಸಭೆಯಲ್ಲಿ ಪ್ರಶ್ನಿಸಬೇಕಾಗಿದ್ದ ವಾರ್ಡಿನ ಪ್ರತಿನಿಧಿಯ ಸ್ಥಾನ ಮಾತ್ರ ತೆರವಾಗಿಯೇ ಇತ್ತು.