ದೈತ್ಯ ಜರೀಗಿಡ ಮತ್ತು ತೋಟದ ನೀರು: ಸಾರವಾಡ ಪರಿಸರದಿಂದ ಒಂದು ಅವಲೋಕನ

ವಿಜಯಪುರ ಜಿಲ್ಲೆಯ ಸಾರವಾಡವು ಡೋಣಿ ನದಿಯ ದಡದ ಗ್ರಾಮ. ಎರೆಭೂಮಿ, ಬಿಳಿಜೋಳ, ಉಪ್ಪು ಬೆರೆತ ಹೊಳೆನೀರು ಈ ಭಾಗದ ಲಕ್ಷಣಗಳು. ಮಳೆಕಾಡಿನ ದೈತ್ಯ ಜರೀಗಿಡದ ಚರಿತ್ರೆಯನ್ನು ಇಂತಹ ನೆಲದಿಂದ ಆರಂಭಿಸುವುದು ವಿಚಿತ್ರವೆನಿಸಬಹುದು. ಆದರೆ ಆ ಗಿಡವನ್ನು ತೋಟದಲ್ಲಿ ಬೆಳೆಸಿದ ಇತಿಹಾಸವು ಬಹುಮಟ್ಟಿಗೆ ನೀರಿನ ಇತಿಹಾಸವೇ ಆಗಿದೆ.

ನೀರಿಗಾಗಿ ಆದಿಲ್‌ಶಾಹಿ ಅರಸರು ಪಟ್ಟ ಶ್ರಮ ಅಸಾಧಾರಣವಾದುದು. ತೊರವಿಯಿಂದ ಸುರಂಗಮಾರ್ಗವಾಗಿ ವಿಜಯಪುರಕ್ಕೆ ನೀರು ಬಂದಿತು. 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ್ ನಿರ್ಮಾಣವಾದವು. ಅರಮನೆಗಳ ಕಾರಂಜಿಗಳಿಗೂ ತೋಟಗಳಿಗೂ ನೀರು ಹರಿಯಿತು. ಹೂವಾಗಲಿ ಹಣ್ಣಾಗಲಿ ಕಂಪಾಗಲಿ ಇಲ್ಲದ ಗಿಡಕ್ಕೆ ಆ ತೋಟಗಳಲ್ಲಿ ಮನ್ನಣೆ ದೊರೆತಿರಲಾರದು. ಬಯಲುಸೀಮೆಯ ಹಳೆಯ ಬಾವಿಗಳ ಜಿನುಗುವ ಕಲ್ಲುಸಂದಿಗಳಲ್ಲಿ ಸಣ್ಣ ಜರೀಗಿಡಗಳು ತಾವಾಗಿಯೇ ಚಿಗುರುತ್ತವೆ. ಅವನ್ನು ಯಾರೂ ನೆಟ್ಟುದಲ್ಲ.

ಜರೀಗಿಡವು ಅಲಂಕಾರದ ಸಸ್ಯವಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರ ಸುಮಾರಿಗೆ, ಪತಂಗದ ಕೋಶವನ್ನಿರಿಸಿದ್ದ ಮುಚ್ಚಿದ ಸೀಸೆಯೊಳಗೆ ಜರೀಗಿಡವೊಂದು ಚಿಗುರಿದುದನ್ನು ಕಂಡನು. ಆತನ ಗಾಜಿನ ಪೆಟ್ಟಿಗೆ ಹುಟ್ಟಿದುದು ಅದರಿಂದಲೇ; ಖಂಡಾಂತರಗಳ ಉದ್ಯಾನಗಳ ನಡುವೆ ಜೀವಂತ ಸಸ್ಯಗಳ ಸಾಗಾಟ ಅದರಿಂದ ಸುಲಭವಾಯಿತು. ಇತ್ತ ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1863ರಿಂದ ಮದರಾಸಿನ ಅರಣ್ಯಾಧಿಕಾರಿ ಬೆಡ್ಡೋಮ್ ದಕ್ಷಿಣ ಭಾರತದ ಜರೀಗಿಡಗಳನ್ನು ಕುರಿತ ಸಚಿತ್ರ ಗ್ರಂಥವನ್ನು ಪ್ರಕಟಿಸಿದನು. 1889ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು. (ಅದನ್ನು ಕಟ್ಟಿದುದು ಫಲಪುಷ್ಪ ಪ್ರದರ್ಶನಕ್ಕಾಗಿ, ಜರೀಗಿಡಗಳಿಗಾಗಿ ಅಲ್ಲವೆಂಬುದನ್ನು ಮರೆಯಬಾರದು.)

ಇಲ್ಲಿ ದೈತ್ಯ ಜರೀಗಿಡವೆಂದು ಕರೆದಿರುವುದು ಆಂಜಿಯೋಪ್ಟೆರಿಸ್ ಕುಲದ ಸಸ್ಯವನ್ನು. ಜಾರ್ಜ್ ಫಾರ್‌ಸ್ಟರ್ ಇದನ್ನು 1786ರಲ್ಲಿ ಬೇರೊಂದು ಕುಲದಡಿ ಹೆಸರಿಸಿದ್ದನು. ಹಾಫ್‌ಮನ್ 1796ರಲ್ಲಿ ಈಗಿನ ಕುಲಕ್ಕೆ ಸೇರಿಸಿದನು. ಪಶ್ಚಿಮ ಘಟ್ಟದ ಸಸ್ಯವನ್ನು ಬಹುಕಾಲ ಇವೆಕ್ಟಾ ಎಂದೇ ಕರೆಯಲಾಗುತ್ತಿತ್ತು. ಇತ್ತೀಚಿನ ಕೆಲವರು ಅದನ್ನು ಹೆಲ್ಫೆರಿಯಾನಾ ಎಂದು ಗುರುತಿಸುತ್ತಾರೆ. ಗಿಡ್ಡನೆಯ ದಪ್ಪ ಕಾಂಡದಿಂದ ಹೊರಡುವ ಗರಿಗಳು ಐದು ಮೀಟರನ್ನೂ ಮೀರಬಲ್ಲವು. ಹಳ್ಳದ ಅಂಚು, ದಟ್ಟ ನೆರಳು, ತೇವದ ಗಾಳಿ ಇದಕ್ಕೆ ಅನಿವಾರ್ಯ. ನೀರು ತಗ್ಗಿದೊಡನೆ ಗರಿಗಳು ಜೋಲುತ್ತವೆ. ಹವಾಯಿ, ಜಮೈಕಾ ದ್ವೀಪಗಳಲ್ಲಿ ಉದ್ಯಾನಕ್ಕೆಂದು ತಂದ ಗಿಡವು ಬೇಲಿ ದಾಟಿ ಕಾಡಿಗೆ ಹಬ್ಬಿತು. ಸಾರವಾಡದ ಬಿಸಿಲಿನಲ್ಲಿ ಅಂತಹ ಭಯವಿಲ್ಲ. ಇಲ್ಲಿ ಇದನ್ನು ಉಳಿಸಬೇಕಾದರೆ ಕುಡಿಯುವ ನೀರಿನಲ್ಲಿ ಪಾಲು ಕೊಡಬೇಕಾದೀತು; ಅದು ಈ ಲೇಖಕನಿಗೆ ಸಮರ್ಥನೀಯವೆನಿಸುವುದಿಲ್ಲ.

ತೇವದ ಸೀಮೆಯ ತೋಟಗಳ ಪ್ರಶ್ನೆ ಬೇರೆ. ಬೀಜಾಣುಗಳಿಂದ ಬೆಳೆಸುವುದು ನಿಧಾನವಾದ ಕೆಲಸವಾದ್ದರಿಂದ ಘಟ್ಟದಿಂದ ಗಿಡವನ್ನೇ ಕಿತ್ತು ತರುವ ಆಸೆ ಸಹಜ. ಆದರೆ ಪ್ರತಿ ಗರಿಯ ತೊಟ್ಟಿನ ಬುಡದಲ್ಲಿ ಕಿವಿಯಾಕಾರದ ಎರಡು ದಪ್ಪ ಹೋಳುಗಳಿದ್ದು, ಅವುಗಳಲ್ಲಿ ಸುಪ್ತ ಮೊಗ್ಗುಗಳಿರುತ್ತವೆ. ಬಿಡಿಸಿದ ಹೋಳನ್ನು ಒದ್ದೆ ಮರಳಿನಲ್ಲಿ, ನೆರಳಿನಲ್ಲಿ ಹೂತರೆ ಕೆಲವು ತಿಂಗಳಲ್ಲಿ ಮೊಳಕೆ ಕಾಣಿಸುತ್ತದೆ. ತಾಯಿಗಿಡ ಹಳ್ಳದ ದಡದಲ್ಲಿಯೇ ಉಳಿಯುತ್ತದೆ.