ರಿಮ್‌ಫೈರ್ ತೋಟಾ ಮತ್ತು ಅರೆಸ್ವಯಂಚಾಲಿತ ರೈಫಲ್‌ನ ಭರವಸೆ

ಅರೆಸ್ವಯಂಚಾಲಿತ ರೈಫಲ್ ಎಂದರೆ ಒಮ್ಮೆ ಕುದುರೆ ಎಳೆದಾಗ ಒಂದೇ ಗುಂಡು ಹಾರಿಸಿ, ಖಾಲಿ ಕವಚವನ್ನು ತಾನೇ ಹೊರಗೆಸೆದು, ಮುಂದಿನ ತೋಟಾವನ್ನು ತಾನೇ ನಳಿಕೆಗೆ ಏರಿಸಿಕೊಳ್ಳುವ ಬಂದೂಕು. ಎನ್‌ಸಿಸಿ ಶಿಬಿರಗಳ ಪಾಯಿಂಟ್ ಟೂ ಟೂ ರೈಫಲ್‌ನಲ್ಲಿ ಕೈಯಿಂದ ಬೋಲ್ಟ್ ಎಳೆದು ಮಾಡುವ ಕೆಲಸವನ್ನು ಇಲ್ಲಿ ತೋಟಾದ ಶಕ್ತಿಯೇ ಮಾಡಬೇಕಾಗುತ್ತದೆ. ಆದ್ದರಿಂದ ಈ ಬಗೆಯ ರೈಫಲ್ ಎಷ್ಟರಮಟ್ಟಿಗೆ ಕೈಕೊಡದೆ ನಡೆಯುತ್ತದೆ ಎಂಬ ಪ್ರಶ್ನೆಯ ಚರಿತ್ರೆ ಬಂದೂಕಿಗಿಂತ ಹೆಚ್ಚಾಗಿ ತೋಟಾದ ಚರಿತ್ರೆಯೇ ಆಗಿದೆ.

ರಿಮ್‌ಫೈರ್ ತೋಟಾದಲ್ಲಿ ಕಿಡಿ ಹುಟ್ಟಿಸುವ ಸಿಡಿಮದ್ದು ತಳದ ನಡುವಿನಲ್ಲಿರದೆ, ಸುತ್ತಲಿನ ಟೊಳ್ಳು ಅಂಚಿನೊಳಗೆ ಇರುತ್ತದೆ. ತಯಾರಿಕೆಯಲ್ಲಿ ಹಸಿ ಸಿಡಿಮದ್ದನ್ನು ಕವಚದೊಳಗಿಟ್ಟು ವೇಗವಾಗಿ ತಿರುಗಿಸಿದಾಗ ಅದು ಅಂಚಿಗೆ ಹರಡಿಕೊಳ್ಳುತ್ತದೆ. ಹರಡದೆ ಉಳಿದ ಜಾಗಕ್ಕೆ ಸುತ್ತಿಗೆಮೊನೆ ಬಡಿದರೆ ತೋಟಾ ಸಿಡಿಯುವುದಿಲ್ಲ. 1857ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿಯ ರಿವಾಲ್ವರ್‌ನೊಡನೆ ಅಮೆರಿಕದಲ್ಲಿ ನೆಲೆಯೂರಿದ ಈ ತೋಟಾ, 1887ರಲ್ಲಿ ಲಾಂಗ್ ರೈಫಲ್ ಎಂಬ ರೂಪ ಪಡೆಯಿತು. ಅದರ ಗುಂಡು ಕವಚದಷ್ಟೇ ದಪ್ಪವಾಗಿದ್ದು, ಹೊರಮೈಗೆ ಮೇಣ ಸವರಿರುವುದರಿಂದ ಧೂಳನ್ನು ಸುಲಭವಾಗಿ ಅಂಟಿಸಿಕೊಳ್ಳುತ್ತದೆ.

ಆ ಕಾಲದ ತೋಟಾಗಳಲ್ಲಿ ಇದ್ದದ್ದು ಬಹುಮಟ್ಟಿಗೆ ಕರಿಮದ್ದು. ಅದು ಉರಿದ ಮೇಲೆ ಉಳಿಸುವ ದಪ್ಪ ಮಸಿ, ಕೈಯಿಂದ ಎಳೆಯುವ ಬೋಲ್ಟಿಗೆ ತೊಡಕಾಗದಿದ್ದರೂ, ಸಣ್ಣ ತೋಟಾದ ಅಲ್ಪ ಒತ್ತಡವನ್ನೇ ನೆಚ್ಚಿಕೊಂಡ ಯಂತ್ರವನ್ನು ಬೇಗನೆ ಕಟ್ಟಿಹಾಕುತ್ತಿತ್ತು. ವಿಂಚೆಸ್ಟರ್ ಕಂಪನಿಯ ವಿನ್ಯಾಸಕಾರ ಥಾಮಸ್ ಕ್ರಾಸ್ಲಿ ಜಾನ್ಸನ್ 1903ರ ಮಾದರಿಯನ್ನು ರೂಪಿಸಿದಾಗ, ಹೊಗೆರಹಿತ ಮದ್ದಿನ ಬೇರೆಯೇ ಒಂದು ತೋಟಾವನ್ನು ಆ ರೈಫಲ್‌ಗೆಂದು ಸಿದ್ಧಪಡಿಸಲಾಯಿತು. ಅಂಗಡಿಗಳಲ್ಲಿ ಹೇರಳವಾಗಿ ಸಿಗುತ್ತಿದ್ದ ಕರಿಮದ್ದಿನ ತೋಟಾಗಳನ್ನು ಅದರಲ್ಲಿ ಬಳಸಲು ಬರುತ್ತಿರಲಿಲ್ಲ. ಕೊಳ್ಳುವವನ ಆಯ್ಕೆಯನ್ನು ಮೊಟಕುಗೊಳಿಸಿಯೇ ಭರವಸೆಯನ್ನು ಗಳಿಸಿದ ಈ ನಿರ್ಧಾರ ಆ ಹೊತ್ತಿಗೆ ಸರಿಯಾದದ್ದೇ ಆಗಿತ್ತು. 1907ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಕಂಪನಿಯ ಗುರಿಕಾರ ಅಡಾಲ್ಫ್ ಟೋಪರ್‌ವೈನ್ ಇದೇ ಮಾದರಿಯ ರೈಫಲ್‌ಗಳಿಂದ, ಗಾಳಿಯಲ್ಲಿ ಎಸೆದ 72,500 ಮರದ ತುಂಡುಗಳಿಗೆ ಹತ್ತು ದಿನಗಳ ಕಾಲ ಗುರಿಯಿಟ್ಟು, ಒಂಬತ್ತನ್ನು ಮಾತ್ರ ತಪ್ಪಿಸಿಕೊಂಡ. ಅದು ಮಾರಾಟಕ್ಕಾಗಿ ನಡೆದ ಪ್ರದರ್ಶನವೇ ಆದರೂ, ಮತ್ತೆಮತ್ತೆ ಕೈಕೊಡುವ ಯಂತ್ರದಿಂದ ಅಂಥ ಸಾಧನೆ ಆಗುವಂಥದ್ದಲ್ಲ.

ಹೊಗೆರಹಿತ ಮದ್ದು ಎಲ್ಲೆಡೆ ಬಳಕೆಗೆ ಬಂದು, ನಳಿಕೆಗೆ ತುಕ್ಕು ಹಿಡಿಸದ ಸಿಡಿಮದ್ದು 1920ರ ದಶಕದಲ್ಲಿ ಮಾರುಕಟ್ಟೆ ಸೇರಿದ ಮೇಲೆ ವಿಶೇಷ ತೋಟಾದ ಅಗತ್ಯ ಉಳಿಯಲಿಲ್ಲ. 1933ರ ವಿಂಚೆಸ್ಟರ್ 63 ಸಾಮಾನ್ಯ ಲಾಂಗ್ ರೈಫಲ್ ತೋಟಾವನ್ನೇ ಒಪ್ಪಿಕೊಂಡಿತು. ಆದರೆ ಎಣ್ಣೆ, ಮೇಣ, ಮಸಿ ಮೂರೂ ಬೆರೆತು ಅಂಟಾಗುವ ತೊಂದರೆ ಹಾಗೆಯೇ ಉಳಿದಿತ್ತು. ರೆಮಿಂಗ್ಟನ್ ಕಂಪನಿ 1959ರಲ್ಲಿ ಹೊರತಂದ ನೈಲಾನ್ 66ರಲ್ಲಿ ಬೋಲ್ಟ್ ನೈಲಾನ್ ಮೈಯ ಮೇಲೆ ಜಾರುವುದರಿಂದ ಎಣ್ಣೆಯ ಅಗತ್ಯವೇ ಇರಲಿಲ್ಲ. ಅದೇ ವರ್ಷ ಕಂಪನಿಯ ಟಾಮ್ ಫ್ರೈ ಆ ರೈಫಲ್‌ನಿಂದ 1,00,010 ಮರದ ತುಂಡುಗಳಿಗೆ ಗುರಿಯಿಟ್ಟು ಆರನ್ನು ಮಾತ್ರ ತಪ್ಪಿಸಿಕೊಂಡು ಟೋಪರ್‌ವೈನ್‌ನ ದಾಖಲೆಯನ್ನು ಮೀರಿದ.

ಇನ್ನೊಂದು ತೊಡಕು ತೋಟಾದ ಅಂಚಿನದು. ಒಂದರ ಮೇಲೊಂದು ಪೇರಿಸಿದಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಬಿದ್ದರೆ ಅದು ಮುಂದೆ ಸರಿಯದೆ ನಿಲ್ಲುತ್ತದೆ. 1964ರ ರೂಗರ್ 10/22 ರೈಫಲ್‌ನ ಮ್ಯಾಗಜಿನ್‌ನಲ್ಲಿ ಹತ್ತು ತೋಟಾಗಳು ತಿರುಗುವ ಚಕ್ರದ ಬೇರೆಬೇರೆ ಕಚ್ಚುಗಳಲ್ಲಿ, ಒಂದಕ್ಕೊಂದು ತಾಗದಂತೆ ಕೂರುತ್ತವೆ. ಈ ಮಾದರಿ ಲಕ್ಷಾಂತರ ಸಂಖ್ಯೆಯಲ್ಲಿ ಮಾರಾಟವಾಗಲು ಚಕ್ರದ ಈ ಸರಳ ಏರ್ಪಾಡು ಮುಖ್ಯ ಕಾರಣಗಳಲ್ಲೊಂದು.

ಸಿಡಿಮದ್ದನ್ನು ಅಂಚಿಗೆ ಹರಡುವ ವಿಧಾನ ಮಾತ್ರ ಮೂಲದಲ್ಲಿ ಬದಲಾಗಿಲ್ಲ. ಸಿಡಿಯದೆ ಉಳಿದ ತೋಟಾವನ್ನು ಸ್ವಲ್ಪ ಹೊತ್ತು ಕಾದು ಹೊರತೆಗೆದು ನೋಡಿದರೆ ಅಂಚಿನ ಮೇಲೆ ಸುತ್ತಿಗೆಮೊನೆಯ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಅದೇ ತೋಟಾ ಅಂಚಿನ ಬೇರೊಂದು ಜಾಗಕ್ಕೆ ಪೆಟ್ಟು ಬಿದ್ದಾಗ ಹಲವು ಬಾರಿ ಸಿಡಿಯುವುದೂ ಉಂಟು.