ಹೊಸ ಸಂಯೋಜನೆ ಮತ್ತು ಹುಬ್ಬಳ್ಳಿ: ಶುಂಪೀಟರ್ ಸಿದ್ಧಾಂತದ ಒಂದು ಪರಿಶೀಲನೆ

ಜೋಸೆಫ್ ಶುಂಪೀಟರ್ (1883–1950) ತಮ್ಮ ಆರ್ಥಿಕ ಅಭಿವೃದ್ಧಿಯ ಸಿದ್ಧಾಂತವನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ್ದು 1911ರಲ್ಲಿ. ಅವರ ದೃಷ್ಟಿಯಲ್ಲಿ ಹಣ ಹೂಡುವವನು ಬೇರೆ, ಯಂತ್ರ ಕಂಡುಹಿಡಿಯುವವನು ಬೇರೆ. ಇರುವ ಸಾಧನಗಳನ್ನೇ ಹೊಸ ರೀತಿಯಲ್ಲಿ ಕೂಡಿಸುವವನು ಉದ್ಯಮಶೀಲ. ಹೊಸ ಸರಕು, ಹೊಸ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ, ಉದ್ಯಮದ ಹೊಸ ಸಂಘಟನೆ ಎಂದು ಇಂಥ ಸಂಯೋಜನೆಗಳನ್ನು ಅವರು ಐದಾಗಿ ವಿಂಗಡಿಸಿದರು. ಹೊಸದು ಹಳೆಯದನ್ನು ಕೆಡವುತ್ತಲೇ ಬೆಳೆಯುತ್ತದೆ ಎಂಬ ‘ಸೃಜನಶೀಲ ವಿನಾಶ’ದ ಪರಿಕಲ್ಪನೆಯನ್ನು 1942ರ ಗ್ರಂಥದಲ್ಲಿ ಮಂಡಿಸಿದರು. ಹುಬ್ಬಳ್ಳಿಯ ಅನುಭವಕ್ಕೆ ಮೊದಲ ವಿಚಾರ ಚೆನ್ನಾಗಿ ಒಪ್ಪುತ್ತದೆ, ಎರಡನೆಯದು ಅರ್ಧ ಮಾತ್ರ ಒಪ್ಪುತ್ತದೆ ಎಂಬುದು ಈ ಲೇಖನದ ವಾದ.

ಹುಬ್ಬಳ್ಳಿಯ ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರ ಅವರದು ಗದಗಿನಲ್ಲಿ ಮುದ್ರಣ ಮತ್ತು ಪುಸ್ತಕ ಪ್ರಕಾಶನ ನಡೆಸುತ್ತಿದ್ದ ಮನೆತನ. ಅವರು 1976ರಲ್ಲಿ ಒಂದೇ ಲಾರಿಯೊಂದಿಗೆ ಸಾರಿಗೆಗೆ ಇಳಿದರು. ಆ ಸಂಸ್ಥೆ, ವಿಆರ್‌ಎಲ್, ಮುಂದೆ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡಿತು. ಲಾರಿಯೂ ಪಾರ್ಸಲ್ ಸಾಗಣೆಯೂ ಅದಕ್ಕೆ ಮೊದಲೇ ಇದ್ದವು. ಊರೂರಿನ ಬುಕಿಂಗ್ ಕಚೇರಿಗಳಲ್ಲಿ ಬಿಡಿ ಸರಕು ಪಡೆದು, ಒಂದೆಡೆ ವಿಂಗಡಿಸಿ, ಬೇರೆ ಲಾರಿಗೆ ಏರಿಸಿ ಕಳಿಸುವ ಕೆಲಸ ಇಲ್ಲಿ ದೊಡ್ಡ ಜಾಲವಾಗಿ ಬೆಳೆಯಿತು. ಇಂಥ ಜಾಲವಿದ್ದಾಗ ಇಡೀ ಲಾರಿ ಬಾಡಿಗೆಗೆ ಹಿಡಿಯಲಾಗದ ವ್ಯಾಪಾರಿಗೂ ದೂರದ ಪೇಟೆ ಕೈಗೆಟುಕುತ್ತದೆ. ಸರಕನ್ನು ವ್ಯಾಪಾರದಲ್ಲಿ ನಿರ್ವಹಿಸುವ ಹೊಸ ರೀತಿಯನ್ನೂ ಶುಂಪೀಟರ್ ‘ಹೊಸ ವಿಧಾನ’ದಲ್ಲಿ ಸೇರಿಸಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

1999ರಲ್ಲಿ ಸಂಕೇಶ್ವರರು ಆರಂಭಿಸಿದ ಕನ್ನಡ ದಿನಪತ್ರಿಕೆ ‘ವಿಜಯ ಕರ್ನಾಟಕ’ ಕೆಲವೇ ವರ್ಷಗಳಲ್ಲಿ ಪ್ರಸಾರದಲ್ಲಿ ಮೊದಲ ಸ್ಥಾನಕ್ಕೇರಿತು. ಪತ್ರಿಕೆಯೂ ಹೊತ್ತು ಏರಿದರೆ ಬೆಲೆ ಕಳೆದುಕೊಳ್ಳುವ ಸರಕು. ವೇಳೆಗೆ ಸರಿಯಾಗಿ ಮುಟ್ಟಿಸುವ ಸಾರಿಗೆಯ ಶಿಸ್ತು ಈ ಉದ್ಯಮಕ್ಕೂ ಬೇಕು. 2006ರಲ್ಲಿ ಆ ಪತ್ರಿಕೆಯನ್ನು ಟೈಮ್ಸ್ ಸಮೂಹಕ್ಕೆ ಮಾರಿದ ಸಂಕೇಶ್ವರರು 2012ರಲ್ಲಿ ‘ವಿಜಯವಾಣಿ’ ಎಂಬ ಹೊಸ ಪತ್ರಿಕೆ ಆರಂಭಿಸಿದರು. ಉದ್ಯಮಶೀಲತೆ ಒಂದು ಕಾರ್ಯ, ಕಟ್ಟಿದ್ದನ್ನು ನಡೆಸಿಕೊಂಡು ಹೋಗುವುದು ಬರೀ ನಿರ್ವಹಣೆ ಎಂಬ ಶುಂಪೀಟರ್ ನಿಲುವಿಗೆ ಇದು ಒಳ್ಳೆಯ ನಿದರ್ಶನ.

ಆದರೆ ವಿನಾಶ ಎಲ್ಲಿ? ಸ್ವಾತಂತ್ರ್ಯ ಹೋರಾಟದ ಕಾಲದ ‘ಸಂಯುಕ್ತ ಕರ್ನಾಟಕ’ ಈಗಲೂ ಹುಬ್ಬಳ್ಳಿಯಿಂದ ಹೊರಡುತ್ತಿದೆ, ‘ಪ್ರಜಾವಾಣಿ’ಯೂ ಉಳಿದಿದೆ. ಕದಲಿದ್ದು ಪತ್ರಿಕೆಗಳ ಸ್ಥಾನಮಾನ. ಇದಕ್ಕೊಂದು ಕಾರಣವನ್ನು ಜನಗಣತಿಯಲ್ಲಿ ಹುಡುಕಬಹುದು: ರಾಜ್ಯದ ಸಾಕ್ಷರತೆ 1991ರಲ್ಲಿ ಶೇ. 56 ಇದ್ದದ್ದು 2001ರ ಹೊತ್ತಿಗೆ ಶೇ. 66 ದಾಟಿತ್ತು. ಓದುಗರ ಬಳಗವೇ ಹಿಗ್ಗುತ್ತಿರುವಾಗ ಹೊಸಬ ಬೆಳೆಯಲು ಹಳಬ ಅಳಿಯಲೇಬೇಕೆಂದಿಲ್ಲ. ಆದ್ದರಿಂದ ಸೃಜನಶೀಲ ವಿನಾಶದ ತೀವ್ರತೆಯನ್ನು ಹೊಸಬನ ಸಾಹಸದಿಂದಷ್ಟೇ ಅಳೆಯಲಾಗದು. ಮಾರುಕಟ್ಟೆ ತುಂಬಿದೆಯೋ, ಇನ್ನೂ ತುಂಬುತ್ತಿದೆಯೋ ಎಂಬುದನ್ನೂ ಅದರ ಜೊತೆಗೆ ಲೆಕ್ಕಕ್ಕೆ ಹಿಡಿಯಬೇಕು.